ಕಾಶಿಗೆ ಹೋಗಿ ಕುಂಬಳಕಾಯಿ ಹೆಚ್ಚಿದ್ದು

ಕಾಶಿಗೆ ಹೋಗಿ ಬಂದವರನ್ನು ನಮ್ಮ ಗದಗಿನಲ್ಲಿ ಯಾರೂ ಗಂಗೆ ಹೇಗಿದ್ದಳು ಎಂದು ಕೇಳುವುದಿಲ್ಲ. ‘ಏನು ಬಿಟ್ಟು ಬಂದಿ?’ ಎಂದು ಕೇಳುತ್ತಾರೆ. ಕಾಶಿಯಲ್ಲಿ ತನಗೆ ಇಷ್ಟವಾದ ಒಂದು ಹಣ್ಣನ್ನೋ ಕಾಯಿಪಲ್ಲೆಯನ್ನೋ ಬಿಡಬೇಕು, ಜೀವ ಇರುವತನಕ ಮತ್ತೆ ತಿನ್ನಬಾರದು ಎಂಬುದು ಪದ್ಧತಿ. ಹೆಚ್ಚಿನವರು ಜಾಣರು. ಮೊದಲೇ ಸೇರದ ಹಾಗಲಕಾಯಿಯನ್ನು ಬಿಟ್ಟು ಪುಣ್ಯ ಕಟ್ಟಿಕೊಂಡು ಬರುತ್ತಾರೆ. ನನ್ನನ್ನು ಕೇಳಿದವರಿಗೆ ನಾನು, ಏನೂ ಬಿಡಲಿಲ್ಲ, ಒಂದು ಕುಂಬಳಕಾಯಿ ಹೆಚ್ಚಿ ಬಂದೆ ಎನ್ನುತ್ತೇನೆ. ಅವರು ನಗುತ್ತಾರೆ. ಅದರಲ್ಲಿ ನಗುವಂಥದ್ದು ಬಹಳ ಇರಲಿಲ್ಲ.

ನಾನು ಖಾನಾವಳಿ ನಡೆಸುವವಳು. ರೊಟ್ಟಿ ಬಡಿಯುವುದು, ಪಲ್ಯ ಹೆಚ್ಚುವುದು, ಬಾಕಿ ಇಟ್ಟವರನ್ನು ಬೈಯುವುದು, ಇಷ್ಟರಲ್ಲೇ ವರ್ಷಗಳು ಹೋದವು. ನನ್ನ ತಂಗಿ ನಿರ್ಮಲಾ ಬ್ಯಾಂಕಿನವಳು. ಅವಳನ್ನು ಬನಾರಸಕ್ಕೆ ವರ್ಗ ಮಾಡಿದಾಗ ಅತ್ತು ಹೋದವಳು, ಆಮೇಲೆ ಊರಿಗೆ ಬರುವುದನ್ನೇ ಕಡಿಮೆ ಮಾಡಿದಳು. ಅಲ್ಲಿ ಅಂಥದ್ದೇನಿದೆ ನೋಡಿಯೇ ಬಿಡೋಣವೆಂದು ದಸರೆ ಮುಗಿದ ಕೂಡಲೇ ಖಾನಾವಳಿಗೆ ಬೀಗ ಹಾಕಿ ಹೊರಟೆ. ಪುಣ್ಯದ ಆಸೆ ಅಷ್ಟಾಗಿ ಇರಲಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ.

ಭೇಲೂಪುರದ ಮನೆ

ತಂಗಿಯ ಬಾಡಿಗೆಮನೆ ಭೇಲೂಪುರದಲ್ಲಿ, ದವಾಖಾನೆಗಳ ಬೋರ್ಡುಗಳ ನಡುವೆ ಸಿಕ್ಕಿಕೊಂಡ ಒಂದು ಗಲ್ಲಿಯಲ್ಲಿ. ಬಾಗಿಲ ಮುಂದೆ ಒಂದು ಗೂಳಿ ಮಲಗಿತ್ತು. ಆಟೋದವನು ನನ್ನ ಟ್ರಂಕನ್ನು ಅದರ ಮೈಮೇಲಿಂದಲೇ ದಾಟಿಸಿ ಒಳಗಿಟ್ಟ. ಗೂಳಿ ಕಣ್ಣು ಸಹ ತೆರೆಯಲಿಲ್ಲ. ನನಗೆ ಮಾತ್ರ ದಾಟಲು ಧೈರ್ಯ ಸಾಲದೆ ನಿಂತಲ್ಲೇ ನಿಂತೆ.

ಒಳಗಿನಿಂದ ಒಬ್ಬಳು ಬಂದು ನನ್ನ ಕೈ ಹಿಡಿದಳು. ಬಿಳಿಯ ಮೈ, ಕಂದು ಕೂದಲು, ಮೈಮೇಲೆ ಹಳೆಯ ಸಲ್ವಾರ್, ಕೈಯಲ್ಲಿ ನೆಲ ಒರೆಸುವ ಬಟ್ಟೆ. ‘ಆಯಿಯೇ ದೀದಿ, ಇವನು ಏನೂ ಮಾಡೋಲ್ಲ, ಸೋಮಾರಿ’ ಎಂದು ಗೂಳಿಯ ಬೆನ್ನಿಗೆ ಒಂದು ತಟ್ಟಿದಳು. ಹಿಂದಿಯಲ್ಲಿ, ಅದೂ ಈ ಊರಿನವರ ಎಳೆದಾಡುವ ಹಿಂದಿಯಲ್ಲಿ. ನನ್ನ ಹಿಂದಿ ಖಾನಾವಳಿಗೆ ಬರುವ ಲಾರಿ ಡ್ರೈವರುಗಳಿಂದ ಕಲಿತದ್ದು. ಮರ್ಯಾದಸ್ಥರ ಮುಂದೆ ಆಡುವಂಥದ್ದಲ್ಲ. ನಾನು ಬಾಯಿ ಬಿಟ್ಟುಕೊಂಡು ಅವಳ ಹಿಂದೆ ಹೋದೆ.

ಅವಳು ಕಿಯಾರಾ. ಇಟಲಿಯ ಉತ್ತರಕ್ಕಿರುವ ಯಾವುದೋ ಸಣ್ಣ ಊರಿನವಳು, ಸಿತಾರ್ ಕಲಿಯಲು ಬಂದು ಆರು ವರ್ಷ ಇಲ್ಲೇ ಉಳಿದವಳು. ತಾರಸಿಯ ಮೇಲಿನ ಒಂದು ಕೋಣೆ ಅವಳದು, ನಡುಮಹಡಿ ನಿರ್ಮಲಾಳದು. ಕೆಳಗೆ ಮನೆಯ ಯಜಮಾನರಾದ ಗಂಡ ಹೆಂಡತಿ. ಓಣಿಯೆಲ್ಲ ಅವರನ್ನು ಚಾಚಾ, ಚಾಚಿ ಎನ್ನುತ್ತದೆ. ಚಾಚಾ ರೈಲ್ವೆಯಿಂದ ನಿವೃತ್ತರು, ಸದಾ ಘಾಟಿನ ಮೇಲೆ ಚದುರಂಗದಲ್ಲಿ ಮುಳುಗಿರುವವರು. ಚಾಚಿ ಗಿಡ್ಡ, ದುಂಡಗೆ, ಧ್ವನಿ ಮಾತ್ರ ದೊಡ್ಡದು. ಕಿಯಾರಾ ಎನ್ನಲು ಬೇಜಾರೆಂದು ಅವಳನ್ನು ‘ಕಿರನ್ ಬಿಟಿಯಾ’, ಕಿರನ್ ಮಗಳೇ, ಎಂದು ಕರೆಯುತ್ತಿದ್ದರು.

ಆ ಸಂಜೆ ಚಾಚಿ ಅಂಗಳದಲ್ಲಿ ಕೂತು ಕಿಯಾರಾಳ ತಲೆಗೆ ಎಣ್ಣೆ ತಿಕ್ಕುತ್ತಿದ್ದರು. ತಾಯಿ ಮಗಳ ಹಾಗೆ ಜಗಳ, ನಗು. ಆಮೇಲೆ ಚಹಾ ಬಂತು. ನಮಗೆ ತಟ್ಟೆಯಲ್ಲಿಟ್ಟ ಕಪ್ಪುಗಳಲ್ಲಿ. ಕಿಯಾರಾ ಎದ್ದು ಹೋಗಿ ಕಿಟಕಿಯ ಕಟ್ಟೆಯ ಮೇಲಿಟ್ಟಿದ್ದ ಒಂದು ಸ್ಟೀಲ್ ಲೋಟ ತಂದಳು. ಚಾಚಿ ಮೇಲಿನಿಂದ, ತಗಲದಂತೆ, ಚಹಾ ಸುರಿದರು. ಕುಡಿದಾದ ಮೇಲೆ ಅವಳೇ ತೊಳೆದು ಮತ್ತೆ ಕಟ್ಟೆಯ ಮೇಲಿಟ್ಟಳು.

ನನ್ನ ಕೈಯಲ್ಲಿದ್ದ ಬಿಸ್ಕತ್ತು ಚಹಾದೊಳಗೆ ಬಿತ್ತು.

ಮೇಲೆ ಬಂದು ತಂಗಿಯನ್ನು ತರಾಟೆಗೆ ತಗೊಂಡೆ. ‘ಏನಿದು? ತಲಿಗೆ ಎಣ್ಣಿ ಹಚ್ಚಾಕ ಬರ್ತದ, ಲೋಟಾ ಮುಟ್ಟಾಕ ಬರೂದಿಲ್ಲೇನು?’

‘ನನಗೂ ಮೊದಲ ವರ್ಷ ಕಟ್ಟಿ ಮ್ಯಾಲಿನ ಲೋಟಾನ ಇತ್ತಕ್ಕಾ’ ಎಂದಳು ನಿರ್ಮಲಾ, ಹಪ್ಪಳದ ಡಬ್ಬಿಯ ಮುಚ್ಚಳ ತೆಗೆಯುತ್ತ. ‘ನಂದು ಒಳಗ ಹೋತು. ಆಕಿದು ಹೋಗಲಿಲ್ಲ. ಆಕಿ ಕೈಯಾಗಿಂದ ಏನೂ ತಿನ್ನಂಗಿಲ್ಲ ಅವರು.’

‘ಆಕಿಗೆ ಸಿಟ್ಟ ಬರೂದಿಲ್ಲೇನು?’

‘ಸಿಟ್ಟಲ್ಲ. ಆಸೆ ಅದ. ವಾರದಾಗ ಊರಿಗೆ ಹೊಂಟಾಳ, ವೀಸಾ ಮುಗೀತು, ಇನ್ನ ಬರೂದಿಲ್ಲ. ಹುಣ್ಣಿಮಿಗೆ ತಾನ ಅಡಗಿ ಮಾಡತೀನಿ ಅಂದಾಳ. ಚಾಚಿ ಒಂದ ತುತ್ತು ತಿನ್ನಬೇಕಂತ. ಅಷ್ಟ.’

ಹರಿಶ್ಚಂದ್ರ ಘಾಟಿನ ದಾರಿ

ಮರುದಿನ ಕಿಯಾರಾ ನನ್ನನ್ನು ಊರು ತೋರಿಸಲು ಕರೆದುಕೊಂಡು ಹೋದಳು. ಇಟಲಿಯವಳು ಗದಗಿನವಳಿಗೆ ಕಾಶಿ ತೋರಿಸುವುದು. ಅವಮಾನವಲ್ಲದೆ ಮತ್ತೇನು?

ದಾರಿಯಲ್ಲಿ ಕಚೌರಿ ತಿನ್ನಲು ನಿಂತೆವು. ನನ್ನ ಕೈಯಲ್ಲಿ ದೊನ್ನೆ. ಅಷ್ಟರಲ್ಲಿ ಹಿಂದಿನಿಂದ ‘ರಾಮ್ ನಾಮ್ ಸತ್ಯ ಹೈ’ ಎಂದು ನಾಲ್ವರು ಒಂದು ಚಟ್ಟ ಹೊತ್ತುಕೊಂಡು ಬಂದರು. ಗಲ್ಲಿ ಕಿರಿದು. ತಿನ್ನುತ್ತಿದ್ದವರು ಒಂದು ಹೆಜ್ಜೆ ಸರಿದು ಜಾಗ ಕೊಟ್ಟು, ತಿನ್ನುತ್ತಲೇ ಇದ್ದರು. ಅಂಗಡಿಯವನು ಬಲಗೈಯಲ್ಲಿ ಜಿಲೇಬಿ ಸುತ್ತುತ್ತ ಎಡಗೈ ಎದೆಗೆ ಮುಟ್ಟಿಸಿಕೊಂಡ. ಜಿಲೇಬಿಯ ಸುತ್ತು ಕೆಡಲಿಲ್ಲ. ಹೆಣದ ಮೇಲಿನ ಚೆಂಡುಹೂವೊಂದು ನನ್ನ ದೊನ್ನೆಯ ಪಕ್ಕದಲ್ಲೇ ಹಾದುಹೋಯಿತು. ನಮ್ಮಲ್ಲಿ ಓಣಿಯಲ್ಲೊಂದು ಸಾವಾದರೆ ಹೆಣ ಹೋಗುವವರೆಗೆ ಒಲೆ ಹಚ್ಚುವುದಿಲ್ಲ. ನಾನು ಕಚೌರಿಯನ್ನು ಅಲ್ಲೇ ನಿಂತಿದ್ದ ಒಂದು ಗೂಳಿಗೆ ಹಾಕಿದೆ. ಗೂಳಿ ನನ್ನಷ್ಟು ಯೋಚನೆ ಮಾಡಲಿಲ್ಲ.

ಘಾಟಿನ ಮೆಟ್ಟಿಲ ಮೇಲೆ ಕೂತಾಗ ಕಿಯಾರಾ ತನ್ನ ಅಡುಗೆಯ ಮಾತು ತೆಗೆದಳು. ದೂರದಲ್ಲಿ ಚಿತೆ ಉರಿಯುತ್ತಿದೆ, ಇವಳು ಕುಂಬಳಕಾಯಿ ಬೇಯಿಸುವ ಬಗೆ ಹೇಳುತ್ತಿದ್ದಾಳೆ. ಅವಳ ಊರಲ್ಲಿ ಎಲೆ ಉದುರುವ ಕಾಲಕ್ಕೆ ಕುಂಬಳಕಾಯಿಯ ನ್ಯೊಕ್ಕಿ ಮಾಡುತ್ತಾರಂತೆ. ಬೇಯಿಸಿದ ಕುಂಬಳಕ್ಕೆ ಹಿಟ್ಟು ಕಲಸಿ, ಹೆಬ್ಬೆರಳಷ್ಟು ತುಂಡು ಮಾಡಿ, ಫೋರ್ಕಿನ ಮೇಲೆ ಹೊರಳಿಸಿ ಗೆರೆ ಮೂಡಿಸಿ, ಕುದಿವ ನೀರಿಗೆ ಬಿಡುವುದು. ತೇಲಿದರೆ ಬೆಂದಂತೆ. ಮೇಲೆ ಬೆಣ್ಣೆ.

‘ಮೊಟ್ಟೆ ಹಾಕಬೇಕು. ನಾನು ಹಾಕೋಲ್ಲ’ ಎಂದಳು. ‘ಮತ್ತೆ ಚಾಚಿಗೆ ನೀರಲ್ಲಿ ಬೇಯಿಸೋದೂ ಇಲ್ಲ. ನೀರಲ್ಲಿ ಬೆಂದದ್ದು ಕಚ್ಚಾ ಊಟ, ಸ್ವಂತದವರು ಮಾಡಿದ್ದನ್ನೇ ತಿನ್ನಬೇಕು. ತುಪ್ಪದಲ್ಲಿ ಕರಿದದ್ದು ಪಕ್ಕಾ. ಅದನ್ನು ಬೇರೆಯವರ ಕೈಯಿಂದಲೂ ತಿನ್ನಬಹುದು. ಚಾಚಿ ತಿಂಗಳಿಡೀ ಯೋಚನೆ ಮಾಡಿ ಹ್ಞೂಂ ಅಂದಿದ್ದಾರೆ. ತುಪ್ಪ ಮಾತ್ರ ಅವರ ಮನೆಯದೇ ಆಗಬೇಕಂತೆ.’

ತನ್ನ ಕೈ ಮುಟ್ಟದವರ ಮನಸ್ಸಿಗೆ ನೋವಾಗದಂತೆ ತನ್ನ ಊರಿನ ಅಡುಗೆಯನ್ನೇ ತಿರುವಿ ಹಾಕಿದ್ದಳು ಪುಣ್ಯಾತ್ಗಿತ್ತಿ. ನಾನಾಗಿದ್ದರೆ ಆ ಲೋಟವನ್ನು ಮೊದಲ ದಿನವೇ ಗಂಗೆಗೆ ಎಸೆಯುತ್ತಿದ್ದೆ. ಅವಳಿಗೆ ಹಾಗೇ ಹೇಳಿದೆ. ಅವಳು ನಕ್ಕಳು.

‘ನನಗೆ ಜ್ವರ ಬಂದಾಗ ಚಾಚಿ ನೆಲದ ಮೇಲೆ ನನ್ನ ಪಕ್ಕ ಮಲಗಿದ್ದರು ದೀದಿ. ನನ್ನ ಅಮ್ಮ ಹಾಗೆ ಮಲಗಿರಲಿಲ್ಲ.’

ಹುಣ್ಣಿಮೆಯ ಬೆಳಿಗ್ಗೆ

ಶರದ್ ಪೂರ್ಣಿಮೆ ಎಂದರೆ ನಮ್ಮ ಶೀಗಿ ಹುಣ್ಣಿಮೆ. ನಮ್ಮ ಕಡೆ ಆ ದಿನ ಬಸುರಿ ಭೂಮಿಗೆ ಬಯಕೆಯೂಟ ಬಡಿಸಲು ಹೊಲಕ್ಕೆ ಹೋಗುತ್ತಾರೆ. ಇಲ್ಲಿ ತಾರಸಿಗೆ ಹೋಗುತ್ತಾರೆ. ಪಾಯಸ ಮಾಡಿ ಬೆಳದಿಂಗಳಿಗೆ ಇಡುತ್ತಾರೆ.

ಕಿಯಾರಾ ಮಂಡಿಯಿಂದ ಒಂದು ಕುಂಬಳಕಾಯಿ ಹೊತ್ತು ತಂದಳು. ಇಲ್ಲಿ ಅದಕ್ಕೆ ಕೋಂಹಡಾ ಎನ್ನುತ್ತಾರೆ. ಒಳ್ಳೆಯ ಮಾಲು, ತೊಟ್ಟು ಒಣಗಿತ್ತು, ತಟ್ಟಿದರೆ ಟೊಳ್ಳು ದನಿ. ಅದನ್ನು ನಿರ್ಮಲಾಳ ಅಡುಗೆಮನೆಯ ಕಟ್ಟೆಯ ಮೇಲೆ ಕೂಡಿಸಿ, ‘ದೀದಿ, ಕೈ ಹಚ್ಚಬೇಡಿ. ಚಾಚಾ ಬಂದು ಮೊದಲ ಏಟು ಹಾಕ್ತಾರೆ. ಇಲ್ಲಿ ಇಡೀ ಕೋಂಹಡಾ ಹೆಂಗಸರು ಕಡಿಯೋಲ್ಲ’ ಎಂದು ಹೇಳಿ ಬೆಣ್ಣೆ ತರಲು ಹೋದಳು. ತಂಗಿ ಬ್ಯಾಂಕಿಗೆ ಹೋಗಿದ್ದಳು.

ನನಗೆ ಮೈಯೆಲ್ಲ ಉರಿಯಿತು. ಬೂದುಗುಂಬಳದ ಮಾತು ಬೇರೆ. ಅದನ್ನು ಆಯುಧಪೂಜೆಗೆ ಗಂಡಸರೇ ಒಡೆಯುತ್ತಾರೆ, ಬಲಿಯ ಬದಲು ಅದು. ಸಿಹಿಗುಂಬಳಕ್ಕೂ ಗಂಡಸು ಬೇಕೇ? ನಮ್ಮ ಮನೆಯಲ್ಲಿ ಹೀಗೆ ಕಾದಿದ್ದರೆ ಖಾನಾವಳಿ ಮುಚ್ಚಿ ಎಷ್ಟೋ ವರ್ಷವಾಗಿರುತ್ತಿತ್ತು. ಮೇಲಾಗಿ, ನನಗೆ ಪದ್ಧತಿ ಹೇಳಿಕೊಡಲು ಇಟಲಿಯವಳು ಬರಬೇಕೇ?

ಆದರೂ ಕಾದೆ. ಚಾಚಾ ಬರಲಿಲ್ಲ. ಚದುರಂಗದಲ್ಲಿ ಯಾರ ಮಂತ್ರಿ ಸಾಯುತ್ತಿದ್ದನೋ. ಕಾಯಿ ಬೇಯಬೇಕು, ನೀರು ಬಸಿಯಬೇಕು, ಹಿಟ್ಟು ಹದಕ್ಕೆ ಬರಬೇಕು. ಹಿಂದೆ ಬಿದ್ದ ಅಡುಗೆ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ದೊಡ್ಡ ಚಾಕುವನ್ನು ತೊಟ್ಟಿನ ಪಕ್ಕಕ್ಕೆ ಇಟ್ಟು, ಮೇಲೊಂದು ಲಟ್ಟಣಿಗೆಯಿಂದ ಕೊಟ್ಟೆ. ಕಾಯಿ ಎರಡು ಹೋಳಾಗಿ ಬಿತ್ತು. ಒಳಗೆ ಕೆಂಪಗೆ, ಗಟ್ಟಿಯಾಗಿ, ನೋಡಲು ಸೊಗಸಾಗಿತ್ತು.

ಬಾಗಿಲಲ್ಲಿ ಏನೋ ಬಿದ್ದ ಸದ್ದು. ತಿರುಗಿ ನೋಡಿದರೆ ಚಾಚಿ. ತುಪ್ಪದ ಬಟ್ಟಲು ಅವರ ಕಾಲ ಬುಡದಲ್ಲಿ ಉರುಳುತ್ತಿತ್ತು.

‘ಈ ಕಾ ಕಇ ದೇಹಲೂ?’ ಎಂದರು. ಇದೇನು ಮಾಡಿಬಿಟ್ಟೆ ಎಂದು. ದೊಡ್ಡ ಧ್ವನಿಯ ಹೆಂಗಸು ಪಿಸುಗುಟ್ಟಿದಂತೆ ಹೇಳಿದರು. ಮುಖದ ರಕ್ತ ಇಳಿದುಹೋಗಿತ್ತು. ಗೋಡೆ ಹಿಡಿದುಕೊಂಡು ಕೆಳಗಿಳಿದು ಹೋದರು. ಕೆಳಗಿನಿಂದ ಬಾಗಿಲು ಹಾಕಿಕೊಂಡ ಸದ್ದು ಬಂತು.

ನನ್ನ ಕೈಯಲ್ಲಿ ಲಟ್ಟಣಿಗೆ ಹಾಗೇ ಇತ್ತು. ಬೈದಿದ್ದರೆ ನಾನೂ ಬೈಯುತ್ತಿದ್ದೆ. ಬೈಯಲಿಲ್ಲವಲ್ಲ, ಅದಕ್ಕೇ ತಂಗಿಗೆ ಫೋನ್ ಹಚ್ಚಿದೆ.

ಕೆಳಮನೆ

ಫೋನಿನಲ್ಲಿ ತಂಗಿ ತಲೆ ಚಚ್ಚಿಕೊಂಡಳು. ‘ಅಕ್ಕಾ, ಆಕಿ ಹೇಳಿ ಹೋಗಿದ್ದಳಲ್ಲ, ಮತ್ಯಾಕ ಕೈ ಹಚ್ಚಿದಿ?’

‘ದಿನಾ ಹೆಚ್ಚತೀನಲ್ಲ, ಕೈ ತಾನ ಹೋತು. ಏನ ಆಗ್ತದ ಅದಕ್ಕ?’

‘ಇಲ್ಲೆ ಕುಂಬಳಕಾಯಿ ಅಂದ್ರ ಮನಿ ಹಿರೇಮಗ ಇದ್ದಂಗ. ಹೆಂಗಸು ಕಡದ್ರ ಹಿರೇಮಗಗ ಕೇಡು ಅಂತಾರ.’

‘ಅಯ್ಯ ಶಿವನ. ಎಲ್ಲದಾನ ಅವರ ಮಗಾ? ಫೋನ್ ಹಚ್ಚಿಕೊಡು, ಆರಾಮ ಅದಾನಂತ ಕೇಳಿ ಚಾಚಿಗೆ ಹೇಳತೀನಿ.’

‘ಅವರಿಗೆ ಮಕ್ಕಳ ಇಲ್ಲಕ್ಕಾ’ ಎಂದಳು.

ನನಗೆ ತಲೆ ಕೆಟ್ಟುಹೋಯಿತು. ಇಲ್ಲದ ಮಗನಿಗೆ ಕೇಡು ಬರುವುದು ಹೇಗೆ? ಕೆಳಗೆ ಹೋಗಿ ಬಾಗಿಲು ಬಡಿದೆ. ಚಾಚಿ ದೇವರ ಮುಂದೆ ದೀಪ ಹಚ್ಚಿ ಕೂತಿದ್ದರು. ಅತ್ತು ಕಣ್ಣು ಕೆಂಪಾಗಿತ್ತು. ನನ್ನ ಲಾರಿ ಡ್ರೈವರ್ ಹಿಂದಿಯಲ್ಲೇ ತಪ್ಪಾಯಿತು ಎಂದೆ. ಗೊತ್ತಿಲ್ಲದ ಊರಿನವಳು, ಸಿಟ್ಟು ಮಾಡಬೇಡಿ, ದೇವರ ದಯೆ, ಮನೆಯಲ್ಲಿ ಕೇಡಾಗಲು ಯಾರೂ… ಎಂದು ಅರ್ಧಕ್ಕೆ ನಿಲ್ಲಿಸಿದೆ. ಎಂಥ ಮಾತು ನನ್ನ ಬಾಯಿಂದ ಬರುತ್ತಿತ್ತು ಎಂದು ನಾಲಿಗೆ ಕಚ್ಚಿಕೊಂಡೆ.

ಚಾಚಿ ನನ್ನನ್ನೇ ನೋಡಿದರು. ‘ಯಾರೂ ಇಲ್ಲ ಅಂದುಕೊಂಡಿದ್ದೀಯಾ?’ ಎಂದರು. ‘ನಾಳೆ ಆಕಾಶದಲ್ಲಿ ಹಾರಿ ಹೋಗುವವಳು ಯಾರು? ಆರು ವರ್ಷದಿಂದ ನನ್ನ ಮನೆಯಲ್ಲಿ ತಿಂದು, ಮಲಗಿ, ನನ್ನ ಕಾಲು ಒತ್ತಿ, ನನ್ನ ಜೊತೆ ಜಗಳ ಆಡಿದವಳು ಯಾರು? ನನ್ನ ಹಿರಿಯ ಮಗ ಅವಳೇ. ಅವಳು ಹೊರಡುವ ಹಿಂದಿನ ದಿನ ನೀನು ನನ್ನ ಮನೆಯಲ್ಲಿ ಕೋಂಹಡಾ ಕಡಿದೆ.’

ನಾನು ಅಲ್ಲೇ ನೆಲದ ಮೇಲೆ ಕೂತೆ. ಇದೆಲ್ಲ ಮೂಢನಂಬಿಕೆ ಎಂದು ಅವರಿಗೆ ಹೇಳುವ ಬಾಯಿ ನನಗೆ ಇರಲಿಲ್ಲ. ಎದೆ ಧಸಕ್ಕೆಂದಿದ್ದು ನನಗೂ ಹೌದು.

ಚಾಚಿ ದೇವರಿಗೆ ಮಾತು ಕೊಟ್ಟಾಗಿತ್ತು. ಹುಡುಗಿ ತನ್ನ ಮನೆ ಮುಟ್ಟಿದ ಸುದ್ದಿ ಬರುವ ತನಕ ಅನ್ನ, ಹಿಟ್ಟು ಬಾಯಿಗಿಡುವುದಿಲ್ಲ. ನೀರು, ಹಾಲು ಮಾತ್ರ.

‘ಹಂಗಾದರೆ ಇವತ್ತಿನ ಊಟ?’ ಎಂದೆ.

‘ನಾನು ತಿನ್ನೋ ಹಾಗಿಲ್ಲ. ಮತ್ತೆ ಕೇಳು, ಅವಳಿಗೆ ಇದೊಂದು ಮಾತೂ ಹೇಳಬಾರದು. ಪ್ರಯಾಣ ಹೊರಟವರ ಕಿವಿಗೆ ಅಪಶಕುನದ ಮಾತು ಬೀಳಬಾರದು. ನನ್ನ ತಲೆ ಮುಟ್ಟಿ ಆಣೆ ಇಡು.’

ನನ್ನ ಕೈಯನ್ನು ತಾವೇ ಎಳೆದು ತಮ್ಮ ತಲೆಯ ಮೇಲಿಟ್ಟುಕೊಂಡರು. ಎಣ್ಣೆ ಹಚ್ಚಿದ ತಲೆ, ಬಿಸಿಯಾಗಿತ್ತು.

ತಾರಸಿ

ಕಿಯಾರಾ ಬೆಣ್ಣೆ ತಂದಾಗ ಕಾಯಿ ಹೋಳಾಗಿರುವುದನ್ನು ನೋಡಿ, ಚಾಚಾ ಬಂದಿದ್ದರೇ ಎಂದಳು. ನಾನು ಹ್ಞೂಂ ಎಂದೆ. ಒಂದು ಆಣೆಯ ಮೇಲೆ ಒಂದು ಸುಳ್ಳು.

ಮಧ್ಯಾಹ್ನವೆಲ್ಲ ಇಬ್ಬರೂ ಸೇರಿ ಕೆಲಸ ಮಾಡಿದೆವು. ಕುಂಬಳವನ್ನು ಹಬೆಯಲ್ಲಿ ಬೇಯಿಸಿ, ಶ್ರೀಖಂಡಕ್ಕೆ ಮೊಸರು ಕಟ್ಟುವಂತೆ ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಿದೆವು. ಬಾಣಲೆಯಲ್ಲಿ ಹಾಕಿ ಹಲ್ವದಂತೆ ತಿರುವಿ ಆರಿಸಿದೆವು. ಮೈದಾ, ಚೂರು ರವೆ, ಜಾಯಿಕಾಯಿ. ಉಪ್ಪು ಹಾಕುವಾಗ ಅವಳ ಕೈ ತಡೆಯಿತು. ಚಾಚಿಗೆ ರಕ್ತದೊತ್ತಡ ಎಂದು ಅರ್ಧಕ್ಕೆ ನಿಲ್ಲಿಸಿದಳು. ಹಿಟ್ಟು ಹೆಚ್ಚಾದರೆ ರಬ್ಬರು, ಕಡಿಮೆಯಾದರೆ ಗಂಜಿ. ಹೋಳಿಗೆಯ ಕಣಕದ ಹದ ತಿಳಿದವರಿಗೆ ಇದು ಹೊಸದಲ್ಲ.

ಅವಳು ಫೋರ್ಕಿನ ಮೇಲೆ ಒಂದೊಂದಾಗಿ ಹೊರಳಿಸುವುದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಗಲ್ಲಿಯ ಅಂಗಡಿಯಿಂದ ಒಂದು ಹೊಸ ಬಾಚಣಿಗೆ ತರಿಸಿ ತೊಳೆದೆ. ನಮ್ಮಲ್ಲಿ ಮದುವೆ ಬಂತೆಂದರೆ ಹೆಂಗಸರೆಲ್ಲ ಕೂತು ಪಾಯಸಕ್ಕೆ ಗೌಲಿ ಮಾಡುತ್ತಾರೆ. ಹಿಟ್ಟಿನ ಸಣ್ಣ ಚೂರನ್ನು ಬಾಚಣಿಗೆಯ ಹಲ್ಲಿನ ಮೇಲೆ ಹೆಬ್ಬೆರಳಿಂದ ಎಳೆದರೆ ಗೆರೆ ಮೂಡಿ ಸುರುಳಿಯಾಗುತ್ತದೆ. ಅದೇ ಕೈಯಲ್ಲಿ ನ್ಯೊಕ್ಕಿ ಎಳೆದೆ. ಕಿಯಾರಾ ಫೋರ್ಕು ಕೆಳಗಿಟ್ಟು ನೋಡುತ್ತ ಕೂತಳು. ತನ್ನ ಅಜ್ಜಿಯ ಹತ್ತಿರ ಇದಕ್ಕೆ ಗೆರೆಯ ಮಣೆಯೊಂದಿತ್ತು, ಸತ್ತ ಮೇಲೆ ಎಲ್ಲಿ ಹೋಯಿತೋ ಎಂದಳು. ಬಾಚಣಿಗೆಯನ್ನು ಅವಳಿಗೇ ಕೊಟ್ಟೆ. ಚಾಚಿಯ ಪಾಲನ್ನು ಮಾತ್ರ ಅವಳು ನನಗೆ ಮುಟ್ಟಗೊಡಲಿಲ್ಲ. ಅಷ್ಟನ್ನೂ ತಾನೊಬ್ಬಳೇ ಮಾಡಿ ಬೇರೆ ಸ್ಟೀಲ್ ಡಬ್ಬಿಯಲ್ಲಿಟ್ಟಳು.

ಚಂದ್ರ ಬರುವ ಹೊತ್ತಿಗೆ ತಾರಸಿಯಲ್ಲಿ ಚಾಪೆ ಹಾಸಿದೆವು. ಕುಂಡದ ದೊಡ್ಡಪತ್ರೆಯನ್ನು ಬೆಣ್ಣೆಯಲ್ಲಿ ಗರಿಗರಿ ಮಾಡಿ ನಮ್ಮ ಪಾಲಿನ ಮೇಲೆ ಸುರಿದಳು. ಬಾಯಿಗಿಟ್ಟರೆ ಮೊದಲು ಸಿಹಿ, ಆಮೇಲೆ ಜಾಯಿಕಾಯಿ. ಮೆತ್ತಗೆ ಕರಗಿತು. ಚಾಚಾ ಎರಡು ಸಲ ಹಾಕಿಸಿಕೊಂಡರು. ಹೆಂಡತಿಗಿದ್ದ ಕಟ್ಟು ಅವರಿಗಿರಲಿಲ್ಲ. ಘಾಟಿನ ಮೇಲೆ ಅವರು ಏನೇನು ತಿನ್ನುತ್ತಿದ್ದರೋ ಗಂಗೆಗೇ ಗೊತ್ತು.

ಚಾಚಿ ಮೇಲೆ ಬಂದರು. ಒಳ್ಳೆಯ ಸೀರೆ ಉಟ್ಟು ಬಂದಿದ್ದರು. ಕಿಯಾರಾ ಪುಟ್ಟ ಒಲೆಯ ಮೇಲೆ ಚಾಚಿಯ ಮನೆಯದೇ ತುಪ್ಪ ಕಾಯಲು ಇಟ್ಟು, ಡಬ್ಬಿ ತೆರೆದು, ಬಿಸಿಯಾಗಿಯೇ ಹಾಕಿಕೊಡುತ್ತೇನೆ ಎಂದು ಅವರ ಮುಖ ನೋಡಿದಳು.

‘ಹೊಟ್ಟೆ ಸರಿಯಿಲ್ಲ ಬಿಟಿಯಾ’ ಎಂದರು ಚಾಚಿ. ‘ನೀವು ತಿನ್ನಿ.’

‘ಒಂದೇ ಒಂದು ಚಾಚಿ.’

‘ಆಗೋಲ್ಲ ಅಂದೆನಲ್ಲ.’

ಕಿಯಾರಾ ಒಲೆ ಆರಿಸಿದಳು. ಡಬ್ಬಿಯ ಮುಚ್ಚಳ ಹಾಕುವಾಗ ಅವಳ ಕೈ ಸರಿಯಾಗಿ ಕೂರಿಸಲಾರದೆ ಮತ್ತೆ ಮತ್ತೆ ಒತ್ತಿತು. ನನ್ನ ಬಾಯಿಗೆ ಬಂದ ಮಾತನ್ನು ನ್ಯೊಕ್ಕಿಯ ಜೊತೆ ನುಂಗಿದೆ. ಚಾಚಿ ಚಂದ್ರನನ್ನು ನೋಡುತ್ತ ಕೂತರು. ಅವರ ಕೈ ಕಿಯಾರಾಳ ಬೆನ್ನ ಮೇಲಿತ್ತು.

ಡಬ್ಬಿಯನ್ನು ಗೂಳಿಗೆ ಹಾಕಿಬಿಡಿ ಎಂದಳು ಕಿಯಾರಾ. ನಾನು ಒಯ್ದು ಫ್ರೀಜರಿನಲ್ಲಿಟ್ಟೆ.

ಹೊರಟ ದಿನ

ಬೆಳಿಗ್ಗೆ ಗಲ್ಲಿಯ ಅರ್ಧ ಜನ ಬಾಗಿಲಿಗೆ ಬಂದಿದ್ದರು. ಚಾಚಿ ಕಿಯಾರಾಳ ಹಣೆಗೆ ಕುಂಕುಮವಿಟ್ಟು, ಮೊಸರು ಸಕ್ಕರೆಯನ್ನು ತಮ್ಮ ಕೈಯಿಂದಲೇ ಅವಳ ಬಾಯಿಗಿಟ್ಟರು. ಅವಳು ಕಾಲಿಗೆ ಬಿದ್ದು ಎದ್ದಳು. ಆಟೋದ ಹತ್ತಿರ ಸಿತಾರಿನ ಪೆಟ್ಟಿಗೆ ಏರಿಸುವಾಗ ನನಗೆ ಮಾತ್ರ ಕೇಳುವಂತೆ, ‘ದೀದಿ, ಅವರಿಗೆ ಇಷ್ಟ ಇರಲಿಲ್ಲ ಅಂದರೆ ಮೊದಲೇ ಬೇಡ ಅನ್ನಬಹುದಿತ್ತು. ಒಂದು ತಿಂಗಳು ನನಗೆ ಆಸೆ ಹಚ್ಚಬಾರದಿತ್ತು’ ಎಂದಳು.

ಚಾಚಿ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು. ನನಗೆ ಅಳು ಬಂತು. ಹೋಗಿ ಬಾ ತಾಯಿ ಎಂದು ಕನ್ನಡದಲ್ಲೇ ಅಂದೆ. ಆಟೋ ಹೋಯಿತು. ಕಿಟಕಿಯ ಕಟ್ಟೆಯ ಮೇಲೆ ಅವಳ ಲೋಟ ತೊಳೆದು ಬೋರಲು ಹಾಕಿತ್ತು.

ಶಿವಾಲ

ಮರುದಿನ ಬೆಳಿಗ್ಗೆ ಚಾಚಿ ಕೇದಾರ ಘಾಟಿನ ಗುಡಿಗೆ ದರ್ಶನಕ್ಕೆ ಹೊರಟರು. ಹೊಟ್ಟೆಯಲ್ಲಿ ಹಾಲಲ್ಲದೆ ಮತ್ತೇನಿಲ್ಲ. ಒಬ್ಬರನ್ನೇ ಕಳಿಸಲು ಮನಸ್ಸಾಗದೆ ನಾನೂ ಹೋದೆ. ಶಿವಾಲದ ಗಲ್ಲಿಯಲ್ಲಿ ಅವರಿಗೆ ತಲೆ ಸುತ್ತಿ ಒಂದು ಮನೆಯ ಕಟ್ಟೆಯ ಮೇಲೆ ಕೂತುಬಿಟ್ಟರು. ಗಾಬರಿಯಲ್ಲಿ ನಾನು ‘ಯವ್ವಾ, ಏನಾತರಿ’ ಎಂದೆ.

ಒಳಗಿನಿಂದ ಒಬ್ಬ ಹೆಂಗಸು ತಂಬಿಗೆ ಹಿಡಿದು ಬಂದರು. ‘ಕನ್ನಡದೋರಾ? ಯಾವ ಊರು ನಿಮ್ದು?’ ಎಂದರು. ಯಾತ್ರಿಕರಿಗೆ ಶ್ರಾದ್ಧ ಮಾಡಿಸುವ ಪುರೋಹಿತರ ಮನೆ. ಮಗಳನ್ನು ಕರೆದು ಬೀಸಣಿಗೆ ತಾ ಎಂದು ಕನ್ನಡದಲ್ಲಿ ಹೇಳಿದರು. ಅವಳು ‘ಲಾತೀ ಹೂಂ ಮಮ್ಮೀ’ ಎಂದು ಹಿಂದಿಯಲ್ಲಿ ಉತ್ತರ ಕೊಟ್ಟು ತಂದಳು. ನಾನು ಆಗಿದ್ದೆಲ್ಲ ಅವರ ಮುಂದೆ ಹೇಳಿಕೊಂಡೆ. ಕನ್ನಡ ಕಿವಿ ಸಿಕ್ಕಿದ್ದೇ ಸಾಕಾಗಿತ್ತು.

‘ಅಯ್ಯೋ, ಇಲ್ಲಿ ಬಂದ ಮೇಲೆ ನಾನೂ ನಮ್ಮನೆಯವರ ಕೈಲೇ ಹೆಚ್ಚಿಸೋದು’ ಎಂದರು ಅವರು. ‘ಊರಲ್ಲಿ ಇದೆಲ್ಲ ಬೂದುಗುಂಬಳಕ್ಕೆ ಮಾತ್ರ ಇತ್ತು. ನಂಬ್ತೀನಿ ಅಂತಲ್ಲ. ನಮ್ಮ ಹುಡುಗಿ ಶಾಲೆಗೆ ಹೋಗಿ ಬರೋ ತನಕ ಒಂದು ಯೋಚನೆ ಇರುತ್ತಲ್ಲ, ಅದಕ್ಕೆ ಮತ್ತೊಂದು ಸೇರಿಸೋದು ಯಾಕೆ ಅಂತ.’

ಚಾಚಿಗೆ ನಮ್ಮ ಮಾತು ತಿಳಿಯಲಿಲ್ಲ. ಒಂದು ಗುಟುಕು ನೀರು ಕುಡಿದು, ಫೋನ್ ಬಂತಾ ನೋಡು ಎಂದರು. ಬಂದಿರಲಿಲ್ಲ.

ಮತ್ತೆ ಭೇಲೂಪುರ

ವಿಮಾನ ಇಳಿಯುವ ಹೊತ್ತು ಮೀರಿತು. ಸುದ್ದಿ ಇಲ್ಲ. ನಿರ್ಮಲಾ ಬ್ಯಾಂಕಿನಿಂದ ಬೇಗ ಬಂದು ಫೋನ್ ಮಾಡಿದಳು. ಹತ್ತಲಿಲ್ಲ. ಮತ್ತೆ ಮಾಡಿದಳು. ಆ ಕಡೆಯ ದನಿ ಗೊತ್ತಿಲ್ಲದ ಭಾಷೆಯಲ್ಲಿ ಏನೋ ಹೇಳಿ ಕಡಿದುಹೋಯಿತು. ಚಾಚಾ ಆ ದಿನ ಚದುರಂಗಕ್ಕೆ ಹೋಗಲಿಲ್ಲ. ಚಾಚಿ ಅಂಗಳದಲ್ಲಿ ಚಾಪೆಯ ಮೇಲೆ ಮಲಗಿದ್ದರು. ಕಣ್ಣು ಬಾಗಿಲ ಮೇಲಿತ್ತು.

ನಾನು ದೇವರನ್ನು ಬಹಳ ಕಾಡುವವಳಲ್ಲ. ಆ ಸಂಜೆ ಕಾಡಿದೆ. ಒಂದು ತರಕಾರಿ ಹೆಚ್ಚಿದ್ದಕ್ಕೆ ವಿಮಾನ ಬೀಳುವುದಿಲ್ಲ ಎಂದು ಒಂದು ಸಲ, ಬಿದ್ದರೆ ಎಂದು ಹತ್ತು ಸಲ ಅನ್ನಿಸಿತು. ಚಾಚಿಯ ಕಡೆ ನೋಡುವ ಧೈರ್ಯವಿರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ನಿರ್ಮಲಾಳ ಫೋನು ಟಣ್ ಎಂದಿತು. ಮನೆ ಮುಟ್ಟಿದೆ, ದಾರಿಯಲ್ಲಿ ಫೋನ್ ಸತ್ತಿತ್ತು, ಸಿತಾರ್ ಕ್ಷೇಮ, ಇಲ್ಲಿ ಬಹಳ ಚಳಿ ಎಂದು ಬರೆದಿದ್ದಳು. ನಿರ್ಮಲಾ ಓದಿ ಹೇಳಿದಳು. ಚಾಚಿ ಎರಡು ಸಲ ಓದಿಸಿದರು. ಆಮೇಲೆ ಎದ್ದು ಮುಖ ತೊಳೆದು, ದೇವರಿಗೆ ಕೈ ಮುಗಿದು ನನ್ನ ಕಡೆ ತಿರುಗಿದರು.

‘ಆ ಡಬ್ಬಿ ಗೂಳಿಗೆ ಹಾಕಿದೆಯಾ?’

ಇಲ್ಲ ಎಂದೆ.

‘ತಾ.’

ಓಡಿಹೋಗಿ ತಂದೆ. ಕರಿದು ಕೊಡಲೇ ಎಂದರೆ ಕೇಳದೆ, ಡಬ್ಬಿಯನ್ನು ನನ್ನ ಕೈಯಿಂದ ತಗೊಂಡು ತಮ್ಮ ಅಡುಗೆಮನೆಗೇ ಹೋದರು. ನಿರ್ಮಲಾ ನನ್ನ ತೋಳು ಗಟ್ಟಿಯಾಗಿ ಹಿಡಿದಳು. ಆ ಹೊಸ್ತಿಲು ಕಿಯಾರಾ ಒಂದು ದಿನವೂ ದಾಟಿರಲಿಲ್ಲ. ಅವಳು ಕೈಯಾರೆ ಉರುಳಿಸಿದ ಹಿಟ್ಟು ಈಗ ಚಾಚಿಯ ಬಾಣಲೆಗೆ, ಚಾಚಿಯ ತುಪ್ಪಕ್ಕೆ ಬಿತ್ತು. ಜೀರಿಗೆಯ ವಾಸನೆ ಬಂತು. ಚಾಚಿ ಒಲೆಯ ಮುಂದೆಯೇ ಕೂತು, ಆ ಡಬ್ಬಿಗೇ ಹಾಕಿಕೊಂಡು, ಊದಿ ಊದಿ ತಿಂದರು. ಹಸಿದವರ ಹಾಗೆ, ಯಾರನ್ನೂ ನೋಡದೆ.

ಆಮೇಲೆ ಬೆರಳು ಒರೆಸಿಕೊಂಡು, ಫೋನ್ ಹಚ್ಚು ಎಂದರು.

ಪರದೆಯ ಮೇಲೆ ಕಿಯಾರಾಳ ಮುಖ ಬಂತು. ದಪ್ಪ ಸ್ವೆಟರ್ ಹಾಕಿಕೊಂಡಿದ್ದಳು. ಚಾಚಿ ಹೇಗಿದ್ದೀ ಎಂದು ಕೇಳಲಿಲ್ಲ. ‘ಕಿರನ್’ ಎಂದರು, ‘ಉಪ್ಪು ಕಮ್ಮಿ ಹಾಕಿದ್ದೀಯ.’

ಆ ಕಡೆ ಏನೂ ಕೇಳಿಸಲಿಲ್ಲ. ಫೋನ್ ಕೆಟ್ಟಿತೇನೋ ಎಂದು ನಿರ್ಮಲಾ ಬಗ್ಗಿ ನೋಡಿದಳು. ಕೆಟ್ಟಿರಲಿಲ್ಲ. ಕಿಯಾರಾ ಬಾಯಿಗೆ ಸ್ವೆಟರಿನ ತೋಳು ಒತ್ತಿಕೊಂಡಿದ್ದಳು. ತೋಳು ಇಳಿಸಿ, ‘ಒಂದು ತಿಂದಿರಾ ಚಾಚಿ?’ ಎಂದಳು.

ಚಾಚಿ ಡಬ್ಬಿಯನ್ನು ಎತ್ತಿ ಫೋನಿನ ಮುಂದೆ ಬೋರಲು ಹಿಡಿದು ತೋರಿಸಿದರು. ಒಂದು ಚೂರೂ ಕೆಳಗೆ ಬೀಳಲಿಲ್ಲ. ನನಗೂ ಒಂದು ಉಳಿಸಿರಲಿಲ್ಲ.